ಗೇರುಬೀಜ ಘಟಕದಿಂದ ಲೇತ್ ವರ್ಕ್‌ಶಾಪ್‌ವರೆಗೆ: ಮಂಗಳೂರು–ಉಡುಪಿಯ ಸಣ್ಣ ಉತ್ಪಾದಕರು ಸರ್ಕಾರದ ಸಬ್ಸಿಡಿ ಪಡೆಯುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಬೈಕಂಪಾಡಿ, ಯೆಯ್ಯಾಡಿ, ಶಿವಳ್ಳಿ, ನಂದಿಕೂರು. ಈ ಕೈಗಾರಿಕಾ ಪ್ರದೇಶಗಳಲ್ಲಿ ಯಾವ ಸಣ್ಣ ಕಾರ್ಖಾನೆಯವರನ್ನು ಮಾತಾಡಿಸಿದರೂ ಒಂದು ಮಾತು ಬಂದೇ ಬರುತ್ತದೆ: "ಸಬ್ಸಿಡಿ ಉಂಟಂತೆ, ನಮಗೆ ಸಿಗಲಿಲ್ಲ." ವಿಚಾರಿಸುತ್ತಾ ಹೋದರೆ ಹೆಚ್ಚಿನವರಿಗೆ ಅರ್ಹತೆ ಇತ್ತು, ದಾಖಲೆಯೂ ಇತ್ತು. ತಪ್ಪಿದ್ದು ಕ್ರಮ. ಮೆಷಿನ್ ಮೊದಲು ಬಂತು, ಅರ್ಜಿ ಆಮೇಲೆ ಹೋಯಿತು. ಕರಾರುಪತ್ರ ಮೊದಲು ನೋಂದಣಿಯಾಯಿತು, ಮುದ್ರಾಂಕ ವಿನಾಯಿತಿಯ ಪತ್ರ ಕೇಳಿದ್ದು ಆಮೇಲೆ. ಈ ಯೋಜನೆಗಳಲ್ಲಿ ಹೆಚ್ಚಿನವು ಸಾಲದ ಜೊತೆ ಬರುವಂಥವು. ಒಂದು ಹೆಜ್ಜೆ ಹಿಂದೆ ಮುಂದೆ ಆದರೆ ಲಕ್ಷಗಟ್ಟಲೆ ಹಣ ಕೈತಪ್ಪುತ್ತದೆ. ಅದಕ್ಕೇ ಈ ಲೇಖನದಲ್ಲಿ ಯಾವ ಕೆಲಸ ಯಾವುದರ ನಂತರ ಅನ್ನುವುದಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ.

ಟಿವಿಯಲ್ಲಿ ಆಗಾಗ ಕೇಳಿಬರುವ ಪಿಎಲ್‌ಐ, ಅಂದರೆ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಮುಖ್ಯವಾಗಿ ದೊಡ್ಡ ಹೂಡಿಕೆಯ ಕಂಪನಿಗಳದ್ದು. ನಮ್ಮ ಅಳತೆಯವರು ಅದರ ಹಿಂದೆ ಓಡುವುದು ಬೇಡ. ನಮಗೆ ಆಗುವಂಥವು ಬೇರೆಯೇ ಇವೆ.

ಹೆಜ್ಜೆ 1: ನೀವು ಯಾವ ಸ್ಥಿತಿಯಲ್ಲಿದ್ದೀರಿ ಅಂತ ನೋಡಿಕೊಳ್ಳಿ

ಹೊಸದಾಗಿ ಶುರು ಮಾಡುವವರು, ನಡೆಯುತ್ತಿರುವುದನ್ನು ದೊಡ್ಡದು ಮಾಡುವವರು, ಬಿದ್ದದ್ದನ್ನು ಎತ್ತಿ ನಿಲ್ಲಿಸುವವರು. ಈ ಮೂವರಿಗೂ ದಾರಿ ಬೇರೆ ಬೇರೆ. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆಯ, ಅಂದರೆ ಪಿಎಂಇಜಿಪಿಯ, ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ಮನೆಯ ಹಿಂದೆ ಹಪ್ಪಳ ಮಾಡಿ ಮಾರುತ್ತಿರುವವರಿಗೆ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ ಪಿಎಂಎಫ್‌ಎಂಇ ಹೆಚ್ಚು ಸರಿ, ಅದು ಹಳೇ ಘಟಕಕ್ಕೂ ಸಿಗುತ್ತದೆ. ಕಂತು ಕಟ್ಟಲಾಗದೆ ಒದ್ದಾಡುತ್ತಿರುವವರು ನೇರವಾಗಿ ಕೊನೆಯ ಹೆಜ್ಜೆಗೆ ಹೋಗಿ, ಅದನ್ನು ಮೊದಲು ಓದಿ. ಅಲ್ಲಿ ದಿನಗಳ ಲೆಕ್ಕ ಉಂಟು.

ಹೆಜ್ಜೆ 2: ಉದ್ಯಮ್ ನೋಂದಣಿ

ನಿಮ್ಮದು ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಆನ್‌ಲೈನ್ ದಾಖಲಿಸುವುದು ಇದು, ಬೇಗ ಮುಗಿಯುವ ಕೆಲಸ. ಆಧಾರ್, ಪ್ಯಾನ್, ಬೇಕಾದವರಿಗೆ ಜಿಎಸ್‌ಟಿ ಸಂಖ್ಯೆ, ಅಷ್ಟೇ. 2020ರ ಜುಲೈ 1ರಿಂದ ಈ ವ್ಯವಸ್ಥೆ ಜಾರಿಯಲ್ಲಿದೆ. ಶುಲ್ಕ ಇಲ್ಲ, ನವೀಕರಣವೂ ಇಲ್ಲ. ಸರ್ಕಾರಿ ಪುಟದ ಹಾಗೇ ಕಾಣುವ ಖಾಸಗಿ ಪುಟಗಳು ಸಾವಿರ, ಎರಡು ಸಾವಿರ ಕೇಳುತ್ತವೆ. ಒಂದು ಪೈಸೆಯೂ ಕೊಡಬೇಡಿ.

2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ. ಯಂತ್ರೋಪಕರಣದ ಹೂಡಿಕೆ 2.5 ಕೋಟಿ ರೂಪಾಯಿ, ವಹಿವಾಟು 10 ಕೋಟಿ ದಾಟದಿದ್ದರೆ ನೀವು ಅತಿ ಸಣ್ಣ ಉದ್ಯಮ. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನವರೆಗೆ ಸಣ್ಣ ಉದ್ಯಮ. ಮೊದಲು "ನಾವು ದೊಡ್ಡವರಾದೆವು, ಇನ್ನು ಏನೂ ಸಿಗುವುದಿಲ್ಲ" ಅಂತ ಕೈಬಿಟ್ಟವರು ಒಮ್ಮೆ ಮತ್ತೆ ನೋಡಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 3: ಯಾವ ಯೋಜನೆ? ಪೇಪರ್, ಪೆನ್ನು ಹಿಡಿದು ಲೆಕ್ಕ ಹಾಕಿ

ಎರಡು ಮುಖ್ಯ ಯೋಜನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಪಿಎಂಇಜಿಪಿ 2008ರಲ್ಲಿ ಶುರುವಾಯಿತು. ಉತ್ಪಾದನಾ ಘಟಕಕ್ಕೆ 50 ಲಕ್ಷ ರೂಪಾಯಿ ವೆಚ್ಚದವರೆಗೆ ಸಬ್ಸಿಡಿ ಲೆಕ್ಕ ಹಿಡಿಯುತ್ತಾರೆ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮೀಣ ಭಾಗದಲ್ಲಿ ಶೇ. 25. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಇವರಿಗೆ ನಗರದಲ್ಲಿ ಶೇ. 25, ಗ್ರಾಮೀಣ ಭಾಗದಲ್ಲಿ ಶೇ. 35. ಸ್ವಂತ ಬಂಡವಾಳ ಸಾಮಾನ್ಯ ವರ್ಗದವರದ್ದು ಶೇ. 10, ಉಳಿದವರದ್ದು ಶೇ. 5. ವೆಚ್ಚ 10 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ಗಂಡ–ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತದೆ. ಜಾಗದ ಬೆಲೆಯನ್ನು ವೆಚ್ಚದಲ್ಲಿ ಸೇರಿಸುವ ಹಾಗಿಲ್ಲ. ಬೀಡಿ ಉದ್ಯಮ ನಿಷೇಧಿತ ಪಟ್ಟಿಯಲ್ಲಿದೆ, ನಮ್ಮ ಜಿಲ್ಲೆಯವರು ಇದನ್ನು ಮೊದಲೇ ತಿಳಿದಿರಬೇಕು.

ಪಿಎಂಎಫ್‌ಎಂಇ 2020ರದ್ದು, ಆಹಾರ ಸಂಸ್ಕರಣೆಗೆ ಮಾತ್ರ. ಕೇಂದ್ರದ್ದು ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದಕ್ಕೆ ಇನ್ನೂ ಶೇ. 15 ಸೇರಿಸುತ್ತದೆ. ಹಾಗಾಗಿ ನಮ್ಮ ರಾಜ್ಯದಲ್ಲಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ. ಇದರಲ್ಲಿ ಜಾತಿ, ಲಿಂಗ, ಹಳ್ಳಿ, ಪೇಟೆ ಅಂತ ಶೇಕಡಾವಾರು ಬದಲಾಗುವುದಿಲ್ಲ. ಆದರೆ ಸಬ್ಸಿಡಿ ಲೆಕ್ಕಕ್ಕೆ ಬರುವುದು ಯಂತ್ರ ಮತ್ತು ಅದಕ್ಕೆ ಬೇಕಾದ ಕಟ್ಟಡ ಕೆಲಸ ಮಾತ್ರ. ದುಡಿಯುವ ಬಂಡವಾಳಕ್ಕೆ ಸಬ್ಸಿಡಿ ಇಲ್ಲ.

ಈಗ ಲೆಕ್ಕ. ಒಂದು ಸಣ್ಣ ಗೇರುಬೀಜ ಘಟಕ ಅಂತ ಇಟ್ಟುಕೊಳ್ಳಿ. ಬಾಯ್ಲರ್, ಕಟಿಂಗ್ ಮೆಷಿನ್, ಬೋರ್ಮಾ ಡ್ರೈಯರ್, ಸಿಪ್ಪೆ ತೆಗೆಯುವ ಮೆಷಿನ್, ಪ್ಯಾಕಿಂಗ್ ಎಲ್ಲ ಸೇರಿ 15 ಲಕ್ಷ. ಹಸಿ ಬೀಜ ಖರೀದಿಗೆ 5 ಲಕ್ಷ. ಒಟ್ಟು 20 ಲಕ್ಷ.

ಕುಂದಾಪುರ ಕಡೆಯ ಹಳ್ಳಿಯ ಮಹಿಳೆ ಪಿಎಂಇಜಿಪಿಯಲ್ಲಿ ಹೋದರೆ ಪೂರ್ತಿ 20 ಲಕ್ಷಕ್ಕೆ ಶೇ. 35, ಅಂದರೆ 7 ಲಕ್ಷ ಸಬ್ಸಿಡಿ. ಕೈಯಿಂದ ಹಾಕಬೇಕಾದ್ದು 1 ಲಕ್ಷ. ಪಿಎಂಎಫ್‌ಎಂಇಯಲ್ಲಿ ಹೋದರೆ 15 ಲಕ್ಷಕ್ಕೆ ಮಾತ್ರ ಶೇ. 50, ಅಂದರೆ ಏಳೂವರೆ ಲಕ್ಷ. ಕೈಯಿಂದ ಶೇ. 10 ಹಾಕಬೇಕು. ದೊಡ್ಡ ವ್ಯತ್ಯಾಸ ಇಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದರೆ ನನ್ನ ಪ್ರಕಾರ ಪಿಎಂಇಜಿಪಿಯೇ ಸುಲಭ.

ಅದೇ ಘಟಕವನ್ನು ಮಂಗಳೂರು ನಗರದೊಳಗೆ ಸಾಮಾನ್ಯ ವರ್ಗದ ಪುರುಷ ಹಾಕಿದರೆ? ಪಿಎಂಇಜಿಪಿಯಲ್ಲಿ ಸಿಗುವುದು 3 ಲಕ್ಷ. ಪಿಎಂಎಫ್‌ಎಂಇಯಲ್ಲಿ ಅದೇ ಏಳೂವರೆ ಲಕ್ಷ. ಎರಡು ಪಟ್ಟಿಗಿಂತ ಜಾಸ್ತಿ! "ಪಿಎಂಇಜಿಪಿ ಒಳ್ಳೇದಂತೆ" ಅಂತ ಯಾರೋ ಹೇಳಿದ್ದನ್ನು ಕೇಳಿ ಅರ್ಜಿ ಹಾಕುವ ಮೊದಲು ಈ ಲೆಕ್ಕ ನಿಮ್ಮದೇ ಅಂಕಿ ಹಾಕಿ ಮಾಡಿ. ಒಂದೇ ಮೆಷಿನ್‌ಗೆ ಎರಡೂ ಕಡೆ ಸಬ್ಸಿಡಿ ಪಡೆಯುವ ಹಾಗಿಲ್ಲ.

ಲೇತ್ ವರ್ಕ್‌ಶಾಪ್, ಪ್ಲಾಸ್ಟಿಕ್, ಪ್ಯಾಕಿಂಗ್ ಪೆಟ್ಟಿಗೆ ಇಂಥ ಆಹಾರೇತರ ಕೆಲಸದವರಿಗೆ ಪಿಎಂಎಫ್‌ಎಂಇ ಇಲ್ಲ, ಪಿಎಂಇಜಿಪಿಯೇ ದಾರಿ. ತೆಂಗಿನ ನಾರಿನ ಘಟಕದವರು ಪಿಎಂಇಜಿಪಿಯನ್ನೇ ಕಾಯರ್ ಬೋರ್ಡ್ ಮೂಲಕ ಕೇಳಬಹುದು. ಸಬ್ಸಿಡಿ ಬೇಡ, ಸಣ್ಣ ಸಾಲ ಸಾಕು ಅನ್ನುವವರಿಗೆ ಮುದ್ರಾ ಉಂಟು. ಹಿಂದಿನ ಸಾಲ ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಸಿಗುತ್ತದೆ.

ಪಿಎಂಇಜಿಪಿ ಮತ್ತು ಪಿಎಂಎಫ್‌ಎಂಇ ಎರಡಕ್ಕೂ ಕೇಂದ್ರದ ಮಂಜೂರಾತಿ 2025-26ರ ಆರ್ಥಿಕ ವರ್ಷದವರೆಗಿನದು. ಹಾಗಾಗಿ ಅರ್ಜಿ ಹಾಕುವ ದಿನ ಯಾವ ಆದೇಶ ನಡೆಯುತ್ತಿದೆ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ. ಎಲ್ಲರೂ ಡಿಐಸಿ ಅನ್ನುವುದು ಇದನ್ನೇ. ದಕ್ಷಿಣ ಕನ್ನಡದವರಿಗೆ ಯೆಯ್ಯಾಡಿ, ಉಡುಪಿಯವರಿಗೆ ಮಣಿಪಾಲ.

ಹೆಜ್ಜೆ 4: ಜಾಗ ಮತ್ತು ಕರೆಂಟು

ನಮ್ಮ ಕಡೆ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಆರ್‌ಟಿಸಿಯಲ್ಲಿ ಕೃಷಿ ಭೂಮಿ ಅಂತ ಇದ್ದರೆ ಕನ್ವರ್ಷನ್ (ಭೂ ಪರಿವರ್ತನೆ) ಬೇಕೇ ಅಂತ ಮೊದಲೇ ವಿಚಾರಿಸಬೇಕು. ಪಂಚಾಯತ್ ವ್ಯಾಪ್ತಿಯಾದರೆ 9/11, ಅಂದರೆ ಪಂಚಾಯತ್ ಕೊಡುವ ಆಸ್ತಿ ಖಾತೆಯ ದಾಖಲೆ, ಬೇಕು. ಸಮುದ್ರ, ಹೊಳೆ ಹತ್ತಿರವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಹಾದುಹೋಗಿದೆ ಅಂತ ಮೊದಲೇ ನೋಡಬೇಕು. ಬಾಯ್ಲರ್ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಮೆಸ್ಕಾಂನಲ್ಲಿ ನಿಮಗೆ ಬೇಕಾದಷ್ಟು ಲೋಡ್ ಆ ಟ್ರಾನ್ಸ್‌ಫಾರ್ಮರ್‌ನಲ್ಲಿ ಉಂಟೇ ಅಂತ ಕೇಳಿ. ಹೊಸ ಟ್ರಾನ್ಸ್‌ಫಾರ್ಮರ್ ಹಾಕಬೇಕು ಅಂದರೆ ಆ ಖರ್ಚೂ ವರದಿಯಲ್ಲಿ ಬರಬೇಕು. ಇಲ್ಲದಿದ್ದರೆ ಮೆಷಿನ್ ಬಂದು ನಿಂತಿರುತ್ತದೆ, ಕರೆಂಟು ಇರುವುದಿಲ್ಲ, ಬ್ಯಾಂಕಿನ ಬಡ್ಡಿ ಮಾತ್ರ ಓಡುತ್ತಿರುತ್ತದೆ.

ಒಂದು ಸಲಹೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯಲ್ಲಿ ಎಷ್ಟೋ ಹಂಚಿನ ಕಾರ್ಖಾನೆಗಳು ಎದ್ದವು, ಎಷ್ಟೋ ಮುಚ್ಚಿದವು. ಗೇರುಬೀಜ ಕಾರ್ಖಾನೆಗಳ ಕಥೆಯೂ ಕೆಲವು ಕಡೆ ಹಾಗೇ. ಇಂಥ ಹಳೇ ಶೆಡ್‌ಗಳಲ್ಲಿ ಕನ್ವರ್ಷನ್ ಆಗಿರುವ, ಕರೆಂಟಿನ ಲೈನ್ ಇರುವ, ಲಾರಿ ಬರುವ ದಾರಿ ಇರುವ ಜಾಗಗಳು ಸಿಗಬಹುದು. ಶೆಡ್ಡಿನ ಬಾಡಿಗೆಯನ್ನು ಗರಿಷ್ಠ 3 ವರ್ಷದವರೆಗೆ ಪಿಎಂಇಜಿಪಿ ವೆಚ್ಚದಲ್ಲಿ ಸೇರಿಸಲು ಅವಕಾಶ ಉಂಟು. ಹೊಸ ಶೆಡ್ ಕಟ್ಟುವ ಆಸೆಯನ್ನು ಸ್ವಲ್ಪ ಮುಂದೂಡಿ, ಮೊದಲು ಬಾಡಿಗೆಗೆ ನೋಡಿ. ಬಾಡಿಗೆ ಕರಾರು ಮಾತ್ರ ಸಾಲದ ಅವಧಿಗೆ ಹೊಂದುವ ಹಾಗೆ ಇರಲಿ. 11 ತಿಂಗಳ ಕರಾರು ಹಿಡಿದು ಹೋದರೆ ಬ್ಯಾಂಕಿನವರು ಒಪ್ಪುವುದು ಕಷ್ಟ.

ಅನುಮತಿಗಳಿಗೆ ಜಿಲ್ಲಾ ಮಟ್ಟದಲ್ಲಿ ಏಕಗವಾಕ್ಷಿ ಸಮಿತಿ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. 15 ಕೋಟಿವರೆಗಿನ ಯೋಜನೆಗಳು ಅಲ್ಲೇ ತೀರ್ಮಾನವಾಗುತ್ತವೆ, ಬೆಂಗಳೂರಿಗೆ ಓಡಬೇಕಾಗಿಲ್ಲ.

ಹೆಜ್ಜೆ 5: ಯೋಜನಾ ವರದಿ

ಬೇರೆಯವರ ವರದಿಯಲ್ಲಿ ಹೆಸರು ಬದಲಿಸಿ ಕೊಡುವ ಅಂಗಡಿಗಳಿವೆ. ಬ್ಯಾಂಕಿನ ಫೀಲ್ಡ್ ಆಫೀಸರ್ ದಿನಾ ಅದನ್ನೇ ನೋಡುತ್ತಾರೆ, ಎರಡು ಪ್ರಶ್ನೆಯಲ್ಲಿ ಗೊತ್ತಾಗಿಬಿಡುತ್ತದೆ. ವರದಿಯನ್ನು ಸಿಎ ಟೈಪ್ ಮಾಡಲಿ, ಆದರೆ ಅಂಕಿ ನಿಮ್ಮದೇ ಇರಲಿ.

ಗೇರುಬೀಜದ್ದೇ ಉದಾಹರಣೆ ಮುಂದುವರಿಸುತ್ತೇನೆ. ಒಂದು ಕ್ವಿಂಟಲ್ ಹಸಿ ಬೀಜದಿಂದ ಎಷ್ಟು ಕಿಲೋ ತಿರುಳು ಬರುತ್ತದೆ? ಅದರಲ್ಲಿ ಇಡಿ ಎಷ್ಟು, ತುಂಡು ಎಷ್ಟು? ಇಡಿಯಲ್ಲಿ ಡಬ್ಲ್ಯು 320 ಅನ್ನುವ ಗ್ರೇಡಿನ ರೇಟೇ ಬೇರೆ, ತುಂಡಿನ ರೇಟೇ ಬೇರೆ. ಕಟಿಂಗ್‌ನಲ್ಲಿ ತುಂಡು ಜಾಸ್ತಿಯಾದರೆ ಲಾಭ ಅಲ್ಲೇ ಮುಗಿಯಿತು. ಕಾರ್ಕಳ, ಕುಂದಾಪುರ ಕಡೆ ಕೆಲಸ ಮಾಡಿ ಅನುಭವ ಇರುವ ಯಾವ ಹೆಂಗಸರನ್ನು ಕೇಳಿದರೂ ಈ ಲೆಕ್ಕ ಬಾಯಲ್ಲೇ ಹೇಳುತ್ತಾರೆ. ಅವರ ಬಳಿ ಅರ್ಧ ದಿನ ಕೂತು ಬರೆದುಕೊಂಡ ಅಂಕಿಗೆ ಇರುವ ಬೆಲೆ ಯಾವ ರೆಡಿಮೇಡ್ ವರದಿಗೂ ಇಲ್ಲ.

ಇನ್ನೊಂದು, ಋತು. ಊರಿನ ಗೇರುಬೀಜ ಮಾರುಕಟ್ಟೆಗೆ ಬರುವುದು ಫೆಬ್ರವರಿಯಿಂದ ಮೇವರೆಗೆ. ಮಳೆ ಹಿಡಿದ ಮೇಲೆ ಬೀಜ ಒಣಗಿಸುವುದೂ ಕಷ್ಟ, ಒಳ್ಳೇ ರೇಟಿಗೆ ಸಿಗುವುದೂ ಕಷ್ಟ. ಸಾಲ ಜೂನ್‌ನಲ್ಲಿ ಬಿಡುಗಡೆಯಾದರೆ ಒಂದು ವರ್ಷ ಖಾಲಿ ಕೈಯಲ್ಲಿ ಕಂತು ಕಟ್ಟಬೇಕಾಗುತ್ತದೆ. ಹಾಗಾಗಿ ಅರ್ಜಿ ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಹೋಗಬೇಕು, ಜನವರಿಯೊಳಗೆ ಮೆಷಿನ್ ಕೂರಬೇಕು. ಮೀನಿನ ಉತ್ಪನ್ನ ಮಾಡುವವರಿಗೆ ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು, ಹಲಸಿನವರಿಗೆ ಬೇಸಿಗೆ. ನಿಮ್ಮ ಕಚ್ಚಾ ಮಾಲು ಯಾವ ತಿಂಗಳು ಸಿಗುತ್ತದೆ ಅನ್ನುವುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆದು, ಕಂತು ಶುರುವಾಗುವ ತಿಂಗಳನ್ನು ಅದಕ್ಕೆ ಹೊಂದಿಸಿ ಕೇಳಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಮೆಷಿನ್‌ಗಳಿಗೆ ಜಿಎಸ್‌ಟಿ ಸಂಖ್ಯೆ ಇರುವ ಕೊಟೇಶನ್ ತೆಗೆದುಕೊಳ್ಳಿ. ಒಬ್ಬರದ್ದೇ ಬೇಡ, ಎರಡು ಮೂರು ಕಡೆಯದ್ದು ಇರಲಿ. ಮುಂಗಡ ಮಾತ್ರ ಕೊಡಬೇಡಿ. ಮಂಜೂರಾದ ಮೇಲೆ ಬ್ಯಾಂಕು ನೇರವಾಗಿ ಮಾರಾಟಗಾರರ ಖಾತೆಗೆ ಹಣ ಹಾಕುತ್ತದೆ. ಅದಕ್ಕೂ ಮೊದಲಿನ ಬಿಲ್ ಸಬ್ಸಿಡಿ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 6: ಅರ್ಜಿ ಮತ್ತು ಬ್ಯಾಂಕು

ಪಿಎಂಇಜಿಪಿ ಅರ್ಜಿ ಆನ್‌ಲೈನ್. ಡಿಐಸಿ, ಖಾದಿ ಮಂಡಳಿ, ಖಾದಿ ಆಯೋಗ ಇವುಗಳಲ್ಲಿ ಒಂದನ್ನು ಆರಿಸಬೇಕು.  ಪಿಎಂಎಫ್‌ಎಂಇಗೆ ಜಿಲ್ಲೆಯ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಕೃಷಿ ಇಲಾಖೆಯಲ್ಲಿ ಕೇಳಿದರೆ ಹೇಳುತ್ತಾರೆ. ವರದಿಯಿಂದ ಬ್ಯಾಂಕಿನವರೆಗೆ ಅವರು ಜೊತೆಗಿರುತ್ತಾರೆ. ನೀವು ಅವರಿಗೆ ಹಣ ಕೊಡಬೇಕಾಗಿಲ್ಲ.

ಬ್ಯಾಂಕಿನ ಆಯ್ಕೆಯಲ್ಲಿ ಅವಸರ ಬೇಡ. ನಿಮ್ಮ ವ್ಯವಹಾರ ವರ್ಷಗಳಿಂದ ನಡೆಯುತ್ತಿರುವ ಶಾಖೆಯೇ ಒಳ್ಳೆಯದು. ಅರ್ಜಿ ಹಾಕುವ ಮೊದಲು ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ: "ಸರ್, ಈ ಯೋಜನೆಯಲ್ಲಿ ಹಾಕಬೇಕು ಅಂತಿದ್ದೇನೆ, ನಿಮ್ಮ ಶಾಖೆಯಲ್ಲಿ ಆಗುತ್ತದೆಯೇ?" ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯನ್ನೂ ಮೊದಲೇ ತೆಗೆಸಿ ನೋಡಿ. ಬೇರೆಯವರ ಸಾಲಕ್ಕೆ ಹಾಕಿದ ಜಾಮೀನು, ಮರೆತುಹೋದ ಮೊಬೈಲ್ ಕಂತು ಎಲ್ಲ ಅಲ್ಲಿ ಕಾಣುತ್ತವೆ.

ಅಡಮಾನ ಕೇಳಿದರೆ ಸಿಜಿಟಿಎಂಎಸ್‌ಇ ಬಗ್ಗೆ ಕೇಳಿ. ಇದು 2000ದಲ್ಲಿ ಶುರುವಾದ ಗ್ಯಾರಂಟಿ ನಿಧಿ. ನಿಮ್ಮ ಬದಲು ಅದು ಬ್ಯಾಂಕಿಗೆ ಭರವಸೆ ಕೊಡುತ್ತದೆ, ವರ್ಷಕ್ಕೆ ಒಂದಿಷ್ಟು ಶುಲ್ಕ ಇರುತ್ತದೆ. 2025ರ ಏಪ್ರಿಲ್‌ನಿಂದ 10 ಕೋಟಿವರೆಗಿನ ಸಾಲಕ್ಕೆ ಈ ರಕ್ಷಣೆ ಸಿಗುತ್ತದೆ. ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕಂತೂ ಬ್ಯಾಂಕು ಅಡಮಾನ ಕೇಳುವ ಹಾಗೇ ಇಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ಮನೆಯ ಪತ್ರ ಇಡುವ ಮೊದಲು ಈ ಮಾತು ಆಡಲೇಬೇಕು.

ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದನ್ನು ಹಿಡಿದು ಜಿಲ್ಲಾ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಬಹುದು. ಮಧ್ಯವರ್ತಿಗಳು ಇಷ್ಟು ಪರ್ಸೆಂಟ್ ಕೊಟ್ಟರೆ ಮಾಡಿಸಿಕೊಡುತ್ತೇವೆ ಅಂತ ಬರುತ್ತಾರೆ, ದೂರ ಇಡಿ.

ಮಂಜೂರಾದ ಮೇಲೆ ಉದ್ಯಮಶೀಲತಾ ತರಬೇತಿ ಇರುತ್ತದೆ. 1982ರಿಂದ ಉಜಿರೆಯಲ್ಲಿ ರುಡ್‌ಸೆಟ್ ತರಬೇತಿ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಪ್ರಮಾಣಪತ್ರಕ್ಕೋಸ್ಕರ ಸುಮ್ನೆ ಕೂತು ಬರಬೇಡಿ, ಲೆಕ್ಕಪತ್ರದ ಪಾಠ ಮುಂದೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 7: ಸಬ್ಸಿಡಿ ಹಣ ಎಲ್ಲಿರುತ್ತದೆ?

ಕೈಗೆ ಬರುವುದಿಲ್ಲ. ಪಿಎಂಇಜಿಪಿಯಲ್ಲಿ ಆ 7 ಲಕ್ಷ ನಿಮ್ಮ ಹೆಸರಿನಲ್ಲಿ ಬ್ಯಾಂಕಿನಲ್ಲೇ ಠೇವಣಿಯಾಗಿ 3 ವರ್ಷ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. 3 ವರ್ಷ ಘಟಕ ನಡೆದು, ಸ್ಥಳ ಪರಿಶೀಲನೆ ಮುಗಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಸಾಲ 19 ಲಕ್ಷ, ಬಡ್ಡಿ 12 ಲಕ್ಷದ ಮೇಲೆ. ಪಿಎಂಎಫ್‌ಎಂಇಯಲ್ಲೂ 3 ವರ್ಷದ ಕಾಯುವಿಕೆ ಉಂಟು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮ: ಪಿಎಂಇಜಿಪಿಯ ದುಡಿಯುವ ಬಂಡವಾಳದ ಮಿತಿಯನ್ನು ಆ 3 ವರ್ಷದೊಳಗೆ ಒಮ್ಮೆಯಾದರೂ ಪೂರ್ತಿ ಬಳಸಿರಬೇಕು. ವರದಿಯಲ್ಲಿ 5 ಲಕ್ಷ ತೋರಿಸಿ 2 ಲಕ್ಷ ಮಾತ್ರ ಬಳಸಿದರೆ ಬಳಸದ ಪಾಲಿನ ಸಬ್ಸಿಡಿ ಹಿಂದೆ ಹೋಗಬಹುದು. ಸಬ್ಸಿಡಿ ಆಸೆಗೆ ಅಂಕಿ ಉಬ್ಬಿಸಬೇಡಿ ಅನ್ನುವುದು ಇದಕ್ಕೇ.

ಹೆಜ್ಜೆ 8: ವಿಸ್ತರಣೆ ಮಾಡುವವರಿಗೆ

ಹಿಂದಿನ ಪಿಎಂಇಜಿಪಿ ಅಥವಾ ಮುದ್ರಾ ಸಾಲ ಪೂರ್ತಿ ತೀರಿಸಿ, 3 ವರ್ಷ ಲಾಭದಲ್ಲಿರುವ ಘಟಕಕ್ಕೆ ಎರಡನೇ ಸಾಲ ಸಿಗುತ್ತದೆ. 1 ಕೋಟಿವರೆಗಿನ ವೆಚ್ಚ, ಶೇ. 15 ಸಬ್ಸಿಡಿ.

ಅದರ ಜೊತೆಗೆ ರಾಜ್ಯದ ಕೈಗಾರಿಕಾ ನೀತಿ 2025–30 ಇದೆ. 2025ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು, 20 ಲಕ್ಷ ಉದ್ಯೋಗದ ಗುರಿ ಹೇಳಿದೆ. ಸಬ್ಸಿಡಿಯ ಪ್ರಮಾಣ ನಿಮ್ಮ ತಾಲ್ಲೂಕು ಯಾವ ವಲಯದಲ್ಲಿದೆ ಅನ್ನುವುದರ ಮೇಲೆ ನಿಲ್ಲುತ್ತದೆ. ಡಿಐಸಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಬಂಡವಾಳ ಸಬ್ಸಿಡಿ ಉತ್ಪಾದನೆ ಶುರುವಾದ ಮೇಲಿನದು. ಆದರೆ ಮುದ್ರಾಂಕ ಶುಲ್ಕದ ವಿನಾಯಿತಿ ಬೇಕಾದರೆ ಡಿಐಸಿಯ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲೇ ಕೈಯಲ್ಲಿರಬೇಕು. ನೋಂದಣಿ ಮುಗಿಸಿ ಬಂದು ಕೇಳಿದರೆ ಪ್ರಯೋಜನ ಇಲ್ಲ.

ದೊಡ್ಡ ಕಂಪನಿಗಳಿಗೆ, ರಫ್ತಿಗೆ ಮಾಲು ಕೊಡುವ ಆಸೆ ಇದ್ದರೆ ಉತ್ಪಾದನೆಯ ಗುಣಮಟ್ಟಕ್ಕೆ ಕೊಡುವ ಝೆಡ್ ಪ್ರಮಾಣಪತ್ರ ನೋಡಿ. ಅದರ ಶುಲ್ಕದಲ್ಲಿ ಅತಿ ಸಣ್ಣ ಉದ್ಯಮಕ್ಕೆ ಶೇ. 80 ಸಬ್ಸಿಡಿ, ಮಹಿಳೆಯರ ಉದ್ಯಮಕ್ಕೆ ಪೂರ್ತಿ ಉಚಿತ.

ಹೆಜ್ಜೆ 9: ಹೊಸಬರನ್ನು ಕೆಲಸಕ್ಕೆ ಸೇರಿಸಿದ್ದಕ್ಕೆ ಸಿಗುವ ಹಣ

ಇದನ್ನು ನಮ್ಮವರು ಇನ್ನೂ ಸರಿಯಾಗಿ ಬಳಸುತ್ತಿಲ್ಲ ಅನ್ನಿಸುತ್ತದೆ. ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೃಷ್ಟಿಯಾದ ಉದ್ಯೋಗಗಳಿಗೆ. ಮೊದಲ ಬಾರಿ ಪಿಎಫ್‌ಗೆ ಸೇರುವ ಕೆಲಸಗಾರರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ. ಮಾಲೀಕರಿಗೆ ಪ್ರತಿ ಹೆಚ್ಚುವರಿ ಕೆಲಸಗಾರರಿಗೆ ತಿಂಗಳಿಗೆ 3,000ವರೆಗೆ, ಎರಡು ವರ್ಷ. ಉತ್ಪಾದನಾ ಘಟಕವಾದರೆ ನಾಲ್ಕು ವರ್ಷ.

30 ಜನ ಇರುವ ಒಂದು ಕಾರ್ಖಾನೆ 14,000 ವೇತನಕ್ಕೆ ನಾಲ್ವರನ್ನು ಹೊಸದಾಗಿ ಸೇರಿಸಿತು ಅನ್ನಿ. 10,000ದಿಂದ 20,000ದೊಳಗಿನ ವೇತನಕ್ಕೆ ತಲಾ 2,000. ತಿಂಗಳಿಗೆ 8,000, ವರ್ಷಕ್ಕೆ 96,000. ನಾಲ್ಕು ವರ್ಷಕ್ಕೆ 3,84,000 ರೂಪಾಯಿ. 50ಕ್ಕಿಂತ ಕಡಿಮೆ ಜನ ಇರುವಲ್ಲಿ ಕನಿಷ್ಠ ಇಬ್ಬರು, ಅದಕ್ಕಿಂತ ದೊಡ್ಡದಾದರೆ ಐವರು ಹೊಸದಾಗಿ ಸೇರಬೇಕು, ಕನಿಷ್ಠ ಆರು ತಿಂಗಳು ಕೆಲಸದಲ್ಲಿ ಉಳಿಯಬೇಕು.

ಇದಕ್ಕೆ ಪಿಎಫ್ ಕಡ್ಡಾಯ. ದಿನಗೂಲಿ ಅಂತ ಬಾಯಿಮಾತಿನಲ್ಲೇ ನಡೆಸುವವರಿಗೆ ಏನೂ ಸಿಗುವುದಿಲ್ಲ. 20 ಜನ ಇದ್ದರೆ ಪಿಎಫ್ ಹೇಗೂ ಕಾನೂನು. ಅದಕ್ಕಿಂತ ಸಣ್ಣವರೂ ಸ್ವಇಚ್ಛೆಯಿಂದ ಸೇರಬಹುದು. ದಿನವಿಡೀ ಕೂತು ಬೀಜದ ಸಿಪ್ಪೆ ಬಿಡಿಸುವ ಹೆಂಗಸರಿಗೆ ಪಿಎಫ್ ಸಿಗಬೇಕಾದ್ದು ನ್ಯಾಯ. ಈಗ ಅದರಿಂದ ಮಾಲೀಕರಿಗೂ ಲಾಭ ಇದೆ.

ಹೆಜ್ಜೆ 10: ಕುಸಿದ ಘಟಕವನ್ನು ಎತ್ತುವುದು

ಕಂತು ತಪ್ಪಿದ ಕೂಡಲೇ ಬ್ಯಾಂಕಿನಿಂದ ತಲೆ ತಪ್ಪಿಸಿಕೊಳ್ಳುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಅಂತ ಆಗುತ್ತದೆ, ಆಮೇಲೆ ಹೊಸ ಸಾಲವೂ ಇಲ್ಲ, ಹೊಸ ಸಬ್ಸಿಡಿಯೂ ಇಲ್ಲ. ಅದಕ್ಕೆ ಮೊದಲೇ ಒಂದು ಬಾಗಿಲು ತೆರೆದಿದೆ. 2015ರ ಮೇ 29ರಂದು ಕೇಂದ್ರ ಸರ್ಕಾರ ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆ ಒಂದು ಚೌಕಟ್ಟು ಹೊರಡಿಸಿದೆ. 25 ಕೋಟಿವರೆಗಿನ ಸಾಲ ಇರುವವರಿಗೆ ಇದು ಅನ್ವಯ. ಬ್ಯಾಂಕು ಗುರುತಿಸುವವರೆಗೆ ಕಾಯಬೇಕಿಲ್ಲ, ಮಾಲೀಕರೇ ಅರ್ಜಿ ಕೊಡಬಹುದು. ಬ್ಯಾಂಕಿನ ಸಮಿತಿ ಅದನ್ನು ಪರಿಶೀಲಿಸಿ ಸಾಲದ ಅವಧಿ ವಿಸ್ತರಿಸುವುದೋ, ಮರುಹೊಂದಾಣಿಕೆ ಮಾಡುವುದೋ, ವಸೂಲಿಗೆ ಹೋಗುವುದೋ ಅಂತ ನಿರ್ಧರಿಸಬೇಕು.

ಅರ್ಜಿಯಲ್ಲಿ ಮೂರು ವಿಷಯ ಬೇಕು: ಏನಾಯಿತು, ಈಗ ಎಷ್ಟು ಬಾಕಿ ಬರಬೇಕು ಮತ್ತು ಕೊಡಬೇಕು, ಎಷ್ಟು ಸಮಯ ಸಿಕ್ಕಿದರೆ ಘಟಕ ಮತ್ತೆ ನಡೆಯುತ್ತದೆ. ಮಳೆಗೆ ನೀರು ನುಗ್ಗಿ ಮಾಲು ಹಾಳಾಗಿದ್ದರೆ ಫೋಟೊ, ವಿಮೆಯ ಪತ್ರ, ಪಂಚಾಯತ್ ಅಥವಾ ಕಂದಾಯ ಇಲಾಖೆಯ ವರದಿ ಜೊತೆಗಿಡಿ. ಮಾಲು ಕೊಂಡವರು ಹಣ ಉಳಿಸಿಕೊಂಡಿದ್ದರೆ ತಡವಾದ ಪಾವತಿಗೆಂದೇ ಇರುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಿ, ಅದರ ಪ್ರತಿಯನ್ನೂ ಸೇರಿಸಿ. ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ಅರ್ಜಿಯನ್ನು ಶಾಖೆಯಲ್ಲಿ ಕೊಡುವಾಗ ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.